ಟುವಾಲು ಮಾದರಿ: ನಾಲ್ಕನೇ ವಾರದ ಕೆಲಸ

ಅಂತೂ ಈ ವಾರ ದ್ವೀಪ ಹಲಗೆಯ ಮೇಲೆ ಕೂತಿತು. ಹೊಸದಾಗಿ ಓದುವವರಿಗೆ: ಮುನಿರಾಬಾದ್ ಹತ್ತಿರದ ನಮ್ಮೂರ ಗ್ರಂಥಾಲಯದಲ್ಲಿ ಇಡೋಕೆ ಪೆಸಿಫಿಕ್ ಸಾಗರದ ಟುವಾಲು ದೇಶದ ಮಾದರಿ ಮಾಡುತ್ತಿದ್ದೇನೆ. ಜೊತೆಗೆ, ಸಮುದ್ರ ಏರಿ ಊರು ಬಿಡುವವರಿಗೆ ಕಾನೂನು ಏನು ಹೇಳುತ್ತದೆ ಅಂತ ತಿಳಿಸುವ ಕಾರ್ಡುಗಳು.

ಅಲ್ಲಿನ ಮುಖ್ಯ ದ್ವೀಪ ಫೊಂಗಾಫಾಲೆ 12 ಕಿ.ಮೀ. ಉದ್ದ. ನನ್ನ ಹಲಗೆಯ ಮೇಲೆ 60 ಸೆಂ.ಮೀ. ಅತಿ ಅಗಲ ಇರುವಲ್ಲಿ 400 ಮೀಟರ್, ಅಂದರೆ ನನಗೆ 2 ಸೆಂ.ಮೀ. ಎತ್ತರದ್ದೇ ಕಷ್ಟ. ಮೊದಲು ಕಿನ್ನಾಳದ ಗೊಂಬೆಯವರ ಹಾಗೆ ಹುಣಸೆಬೀಜದ ಅಂಟಿಗೆ ಮರದ ಹೊಟ್ಟು ಕಲಸಿ ಬೆರಳಷ್ಟು ದಪ್ಪ ಮೆತ್ತಿದ್ದೆ. ಲೆಕ್ಕ ಹಾಕಿದರೆ ಅದು ಒಂದು ದೊಡ್ಡ ಬೆಟ್ಟವೇ ಆಗಿತ್ತು! ನೆಲ 4 ಮೀಟರ್ ಎತ್ತರ ಅಂತ ಹಿಡಿದರೂ ಈ ಅಳತೆಯಲ್ಲಿ 0.2 ಮಿ.ಮೀ. ಅಷ್ಟೇ. ಎಲ್ಲ ಕೆರೆದು ತೆಗೆದು, ಹಳೇ ಮದುವೆ ಪತ್ರಿಕೆಯಿಂದ ದ್ವೀಪ ಕತ್ತರಿಸಿದೆ. ಕಿರಿದಾದ ಜಾಗದಲ್ಲಿ ಎರಡು ಸಲ ಹರಿಯಿತು. ಅಲ್ಲಿ ಕೆಳಗೆ ದಾರ ಕೊಟ್ಟು ಅಂಟಿಸಿದ್ದೇನೆ.

ಕಾರ್ಡಿನ ಕೆಲಸ ನಿಧಾನ. 1951ರ ನಿರಾಶ್ರಿತರ ಒಪ್ಪಂದ ಐದು ಕಾರಣ ಹೇಳುತ್ತದೆ: ಜನಾಂಗ, ಧರ್ಮ, ರಾಷ್ಟ್ರೀಯತೆ, ಒಂದು ನಿರ್ದಿಷ್ಟ ಸಾಮಾಜಿಕ ಗುಂಪಿಗೆ ಸೇರಿರುವುದು, ರಾಜಕೀಯ ಅಭಿಪ್ರಾಯ. ಇವುಗಳಿಗಾಗಿ ಹಿಂಸೆಯ ಭಯ ಇದ್ದು ದೇಶ ಬಿಟ್ಟವರು ನಿರಾಶ್ರಿತರು. ಸಮುದ್ರದ ಹೆಸರೇ ಅದರಲ್ಲಿಲ್ಲ. ಪೆಸಿಫಿಕ್‌ನ ಇನ್ನೊಂದು ದ್ವೀಪ ದೇಶ ಕಿರಿಬಾಟಿಯ ಐಯೊನೆ ಟೆಟಿಯೊಟ, ಸಮುದ್ರ ಏರುತ್ತಿದೆ ಅಂತ ನ್ಯೂಜಿಲೆಂಡಿನಲ್ಲಿ ನಿರಾಶ್ರಿತ ಸ್ಥಾನ ಕೇಳಿ ಸೋತದ್ದು ಈ ಕಾರಣಕ್ಕೇ. 2015ರಲ್ಲಿ ಅವರನ್ನು ವಾಪಸ್ ಕಳಿಸಿದರು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಯಲ್ಲೂ ಅವರು ಗೆಲ್ಲಲಿಲ್ಲ. ಆದರೆ 2020ರಲ್ಲಿ ಹೊರಬಂದ ಆ ತೀರ್ಮಾನದಲ್ಲಿ ಒಂದು ಬಾಗಿಲು ತೆರೆದಿದೆ: ಹವಾಮಾನ ಬದಲಾವಣೆಯಿಂದ ಜೀವಕ್ಕೇ ಅಪಾಯ ಇರುವ ಕಡೆಗೆ ಜನರನ್ನು ವಾಪಸ್ ಕಳಿಸುವುದು ಜೀವಿಸುವ ಹಕ್ಕಿನ ಉಲ್ಲಂಘನೆ ಆಗಬಹುದು. ಈ ಸಾಲನ್ನು ದಪ್ಪ ಅಕ್ಷರದಲ್ಲಿ ಬರೆದೆ.

ಬುಧವಾರ ಅಜ್ಜಿಗೆ ಓದಿ ಹೇಳಿದೆ. ತುಂಗಭದ್ರಾ ಡ್ಯಾಮಿಗೆ ಊರು ಹೋದಾಗ ಅಜ್ಜಿಗೆ ಹತ್ತು ವರ್ಷ. ಇವತ್ತಿಗೂ ನಮ್ಮನ್ನು ಮುಳುಗಡೆ ಮಂದಿ ಅಂತಾರೆ. ಪತ್ರಿಕೆ ದ್ವೀಪವನ್ನು ಬೆರಳಿನಿಂದ ಸವರಿ ಕೇಳಿದರು: "ಅಲ್ಲೋ ತಮ್ಮಾ, ನಮ್ಮದು ಊರು ಹೋತು, ದೇಶ ಉಳೀತು. ನಿಮ್ಮಜ್ಜ ಅರ್ಜಿ ಹಿಡಕೊಂಡು ಕಚೇರಿಗೆ ಅಡ್ಡಾಡಿದ. ಇವರು ಯಾವ ಕಚೇರಿಗೆ ಹೋಗಬೇಕು?"

ಮೂರನೇ ಕಾರ್ಡನ್ನು ಅದೇ ಪ್ರಶ್ನೆಯಿಂದ ಶುರು ಮಾಡಿದ್ದೇನೆ. ಅಂತರರಾಷ್ಟ್ರೀಯ ನ್ಯಾಯಾಲಯ 2025ರ ಜುಲೈ 23ರಂದು ಕೊಟ್ಟ ಸಲಹಾ ಅಭಿಪ್ರಾಯದಲ್ಲಿ, ಒಮ್ಮೆ ದೇಶ ಅಂತ ಆದ ಮೇಲೆ ಅದರ ಒಂದು ಅಂಶ ಇಲ್ಲವಾದರೂ ದೇಶತನ ಹೋಗಲೇಬೇಕು ಅಂತಿಲ್ಲ ಎಂದಿದೆ. ನೆಲ ಹೋದರೂ ಟುವಾಲು ದೇಶವಾಗಿಯೇ ಉಳಿಯಬಹುದು. ನನಗೆ ಇದು ಬಹಳ ದೊಡ್ಡ ಮಾತು. ಆದರೆ ಜನ ಎಲ್ಲಿ ಇರಬೇಕು? ಆಸ್ಟ್ರೇಲಿಯಾ ಜೊತೆಗಿನ ಫಲೆಪಿಲಿ ಒಪ್ಪಂದದಲ್ಲಿ ವರ್ಷಕ್ಕೆ 280 ಜನರಿಗೆ ಅಲ್ಲಿ ನೆಲೆಸೋಕೆ ಅವಕಾಶ ಇದೆ, ಅದೂ ಚೀಟಿ ಎತ್ತಿ. ದೇಶದಲ್ಲಿರೋದು ಸುಮಾರು 10 ಸಾವಿರ ಜನ. ಚೀಟಿಯಲ್ಲಿ ಹೆಸರು ಬರದವರ ಬಗ್ಗೆ ಇನ್ನೊಂದು ಕಾರ್ಡು ಬೇಕೇ ಬೇಕು.

ಬೇಸಿಗೆಯಲ್ಲಿ ನೀರು ಇಳಿದಾಗ ಅಜ್ಜಿ ಹಳೇ ಊರಿನ ಗುಡಿ ಕಟ್ಟೆ ನೋಡೋಕೆ ಹೋಗುತ್ತಾರೆ. ಮಾದರಿಯಲ್ಲಿ ಗುಡಿ ಎಲ್ಲಿ ಅಂತಲೂ ಕೇಳಿದರು. ನಾನು ವಿಮಾನದ ರನ್‌ವೇ ಮಾತ್ರ ಬಿಡಿಸಿದ್ದೆ. ಮುಂದಿನ ವಾರ ಚರ್ಚು, ಮನೆಗಳು. ಆಮೇಲೆ ನೀರಿನ ಬಣ್ಣ.