ಗಂಡ, ಹೆಂಡತಿ, ಮಕ್ಕಳು: ಸಂಸಾರ ಅಂದ್ರೆ ಇಷ್ಟೇನಾ?

ನಾನು ಸಮಾಜಶಾಸ್ತ್ರ ಪಾಠ ಮಾಡುತ್ತೇನೆ ಅಂತ ಗೊತ್ತಾದರೆ ಸಾಕು, ಬೆಂಗಳೂರಿನಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ: ಗಂಡ, ಹೆಂಡತಿ, ಮಕ್ಕಳು ಮಾತ್ರ ಇರುವ ಸಂಸಾರ ಮನುಷ್ಯರಿಗೆ ಸಹಜವಾ? ಎಲ್ಲ ಕಡೆ ಹೀಗೇನಾ?

ಜೋಡಿಯಾಗಿ ಬಾಳುವುದು ತುಂಬಾ ಹಳೆಯದು. ಆ ಇಬ್ಬರೇ ಮಕ್ಕಳನ್ನು ಸಾಕಬೇಕು ಅನ್ನುವುದು ಮಾತ್ರ ಎಲ್ಲ ಕಡೆಯ ರೂಢಿ ಅಲ್ಲ.

1949ರಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞ ಜಾರ್ಜ್ ಮರ್ಡಾಕ್ 250 ಸಮಾಜಗಳನ್ನು ಹೋಲಿಸಿ, ಬಿಡಿಯಾಗಿಯೋ ದೊಡ್ಡ ಮನೆಯೊಳಗೋ ಚಿಕ್ಕ ಕುಟುಂಬ ಎಲ್ಲ ಕಡೆ ಇದ್ದೇ ಇದೆ ಅಂದರು. ಆ ಮಾತಿಗೆ ದೊಡ್ಡ ಅಡ್ಡಿ ನಮ್ಮ ಪಕ್ಕದ ಕೇರಳದ್ದೇ. ಮಧ್ಯ ಕೇರಳದ ನಾಯರ್ ಮನೆತನಗಳಲ್ಲಿ ಹಿಂದೆ ಗಂಡ ರಾತ್ರಿ ಬಂದು ಬೆಳಿಗ್ಗೆ ತನ್ನ ತಾಯಿಮನೆಗೆ ಹೋಗುತ್ತಿದ್ದ. ಮಗು ಹುಟ್ಟಿದಾಗ ತಂದೆ ಅನ್ನಿಸಿಕೊಂಡವನು ಸೂಲಗಿತ್ತಿಗೆ ಒಂದು ಬಟ್ಟೆ, ಒಂದಿಷ್ಟು ತರಕಾರಿ ಕೊಟ್ಟರಾಯಿತು. ಸಾಕುವ ಹೊಣೆಯೆಲ್ಲ ತಾಯಿ ಮನೆಯದು, ಯಜಮಾನಿಕೆ ಸೋದರಮಾವನದು. ನಮ್ಮ ತುಳುನಾಡಿನ ಅಳಿಯಸಂತಾನದಲ್ಲೂ ಆಸ್ತಿ ಹೋಗುತ್ತಿದ್ದುದು ತಾಯಿಯ ಕಡೆಯಿಂದಲೇ.

ಚಿಕ್ಕ ಕುಟುಂಬದ ಪರ ವಾದಿಸುವವರು ಜರ್ಮನಿಯ ಒಂದು ಗೋರಿ ತೋರಿಸುತ್ತಾರೆ. ಸುಮಾರು 4,600 ವರ್ಷ ಹಳೆಯದು. ಅಪ್ಪ, ಅಮ್ಮ, ಇಬ್ಬರು ಗಂಡುಮಕ್ಕಳು ಒಟ್ಟಿಗೆ ಮಲಗಿದ್ದಾರೆ. ಆ ಸಂಬಂಧ ಡಿಎನ್‌ಎಯಿಂದ ಖಚಿತವಾದದ್ದು 2008ರಲ್ಲಿ. ಸರಿ, ಒಪ್ಪೋಣ. ಆದರೆ ಅಲ್ಲೇ ಇನ್ನೊಂದು ಗೋರಿಯಲ್ಲಿ ಒಬ್ಬ ಹೆಂಗಸು, ಮೂರು ಮಕ್ಕಳು. ಅವರಲ್ಲಿ ಇಬ್ಬರಿಗೆ ಆಕೆ ಹೆತ್ತ ತಾಯಿಯಲ್ಲ. ಮಲತಾಯಿಯೋ, ಸೋದರತ್ತೆಯೋ. ಈ ಗೋರಿಯ ಸುದ್ದಿ ಯಾಕೋ ಯಾರೂ ಎತ್ತಲ್ಲ! ನನಗೆ ಜಾಸ್ತಿ ಇಷ್ಟ ಇದೇ.

ಕಾಂಗೋ ಕಾಡಿನ ಎಫೆ ಜನರಲ್ಲಿ ಎಳೆಗೂಸನ್ನು ಹಲವರು ಕೈಯಿಂದ ಕೈಗೆ ಎತ್ತಿಕೊಳ್ಳುತ್ತಾರೆ, ಬೇರೆ ಹೆಂಗಸರು ಹಾಲೂ ಕುಡಿಸುತ್ತಾರೆ. ನಾವೇನು ಕಮ್ಮಿಯಾ? ಟು ಬಿಎಚ್‌ಕೆಯಲ್ಲಿ ಬಾಣಂತನಕ್ಕೆ ಅಂತ ಊರಿಂದ ಬಂದ ಅಮ್ಮ ಹಾಲ್‌ನಲ್ಲಿ ಹಾಸಿಗೆ ಹಾಸಿಕೊಳ್ಳುತ್ತಾರೆ. ಬಾಲ್ಕನಿ ತುಂಬ ಲಂಗೋಟಿ, ಅಡುಗೆಮನೆಯಲ್ಲಿ ಮೆಣಸಿನ ಸಾರಿನ ಘಾಟು. ಅಮ್ಮ ಹೊರಟರೆ ಅತ್ತೆ ಬರುತ್ತಾರೆ. ಆಮೇಲೆ ಕೆಲಸದಾಕೆ, ಡೇಕೇರ್, ಎದುರು ಮನೆ ಆಂಟಿ. ಬಾಗಿಲ ಮೇಲೆ ಇಬ್ಬರದೇ ಹೆಸರು, ಅಷ್ಟೆ.

"ಹಾಗಾದ್ರೆ ಅವಿಭಕ್ತ ಕುಟುಂಬವೇ ಒಳ್ಳೇದು ಅಲ್ವಾ ಮೇಡಂ?" ಅಂತ ಮುಂದಿನ ಪ್ರಶ್ನೆ. ಸಾಮಾನ್ಯವಾಗಿ ಗಂಡಸರೇ ಕೇಳೋದು. ಇಪ್ಪತ್ತು ಜನಕ್ಕೆ ರೊಟ್ಟಿ ಬಡಿದ ಸೊಸೆಯೊಬ್ಬರು ಇದನ್ನು ಕೇಳಿದ್ದು ನನಗಂತೂ ನೆನಪಿಲ್ಲ.