ಕಾಟಿಯ ಬೆನ್ನು ಕೊನೆಗೂ ನಿಂತಿತು

ಬೆನ್ನಿನ ದಿಣ್ಣೆ ಬಿರುಕು ಬಿಡದೆ ಒಣಗಿದೆ! ನಾನು ಮಾಡುತ್ತಿರುವುದು ಒಂದಕ್ಕೆ ಹತ್ತರ ಅಳತೆಯ ಗಂಡು ಕಾಟಿಯ (ಕಾಡುಕೋಣದ) ಮಾದರಿ, ಭುಜದ ಹತ್ತಿರ 18 ಸೆಂ.ಮೀ. ಎತ್ತರ. ತಂತಿಯ ಹಂದರ, ಹೊಟ್ಟೆ, ಕಾಲು ಎಲ್ಲ ಎಂದಿನಂತೆ ಆಯಿತು. ಸತಾಯಿಸಿದ್ದು ದಿಣ್ಣೆ ಒಂದೇ.

ನಾಟಿ ಎತ್ತಿನ ಹಿಣಿಲು ಮೆತ್ತಗಿರುತ್ತದೆ, ನಡೆದರೆ ಅಲುಗಾಡುತ್ತದೆ. ಕಾಟಿಯ ದಿಣ್ಣೆಯೊಳಗೆ ಎಲುಬಿದೆ. ಬೆನ್ನುಮೂಳೆಯಿಂದ ಮೇಲಕ್ಕೆದ್ದ ಉದ್ದುದ್ದ ಮುಳ್ಳೆಲುಬುಗಳು ಅದನ್ನು ಹೊತ್ತು ನಿಂತಿವೆ. ಭುಜದಿಂದ ಹೊರಟು ನಡುಬೆನ್ನಿನವರೆಗೆ ಬಂದು, ಅಲ್ಲಿ ಮೆಟ್ಟಿಲಿಳಿದಂತೆ ತಟ್ಟನೆ ತಗ್ಗುತ್ತದೆ. ಅಮೆರಿಕದ ಬೈಸನ್‌ಗೆ ಹೀಗಿಲ್ಲ. ಅದರ ಗೂನು ಮುಂಗಾಲಿನ ಮೇಲೇ ಎದ್ದು ಹಿಂದಕ್ಕೆ ನಿಧಾನವಾಗಿ ಇಳಿಯುತ್ತದೆ. ಆ ಮೆಟ್ಟಿಲು ಬರದಿದ್ದರೆ ಕಾಟಿ ಕಾಟಿಯೇ ಅಲ್ಲ.

ಜೇಡಿಮಣ್ಣು ಒಣಗುವಾಗ ಕುಗ್ಗುತ್ತದೆ, ಒಳಗಿನ ತಂತಿ ಕುಗ್ಗುವುದಿಲ್ಲ. ಭುಜ ದಪ್ಪ, ದಿಣ್ಣೆ ತೆಳು. ತೆಳುವಾದದ್ದು ಬೇಗ ಒಣಗಿ, ಸರಿಯಾಗಿ ಮೆಟ್ಟಿಲಿನ ಬುಡದಲ್ಲೇ ಸೀಳಿಕೊಳ್ಳುತ್ತಿತ್ತು. ಒದ್ದೆ ಬಟ್ಟೆ ಮುಚ್ಚಿದರೂ ಅಷ್ಟೇ. ದಪ್ಪ ಮಾಡಿದರೆ ಬಿರುಕು ನಿಲ್ಲುತ್ತದೆ, ಆದರೆ ಎದುರಿನಿಂದ ನೋಡಿದರೆ ಪ್ರಾಣಿ ಕೆಟ್ಟುಹೋಗುತ್ತದೆ.

ದಾರಿ ಸಿಕ್ಕಿದ್ದು ಎರಡು ಗಂಡು ಕಾಟಿಗಳು ಎದುರಾಗುವ ವಿಡಿಯೊ ನೋಡುವಾಗ. ಅವು ನೇರವಾಗಿ ಕೊಂಬಿಗೆ ಕೊಂಬು ಕೊಡುವುದು ಕಡಿಮೆ. ಒಂದಕ್ಕೊಂದು ಪಕ್ಕೆ ತೋರಿಸಿ, ಬಿಗಿಯಾಗಿ ನಿಧಾನ ಹೆಜ್ಜೆ ಹಾಕುತ್ತವೆ. ಪಕ್ಕದಿಂದ ದಿಣ್ಣೆ, ಕತ್ತಿನ ಕೆಳಗಿನ ಜೋಲು ಗಂಗೆದೊಗಲು ಎಲ್ಲ ಸೇರಿ ದೊಡ್ಡ ಗೋಡೆಯೇ ಕಾಣುತ್ತದೆ. ಎಷ್ಟೋ ಸಲ ಚಿಕ್ಕದು ಅಷ್ಟಕ್ಕೇ ಜಾಗ ಬಿಟ್ಟು ಹೋಗುತ್ತದೆ. ದಿಣ್ಣೆ ಇರುವುದೇ ಪಕ್ಕದ ನೋಟಕ್ಕೆ ಅಂದಮೇಲೆ ಅದು ತೆಳುವಾಗಿಯೇ ಇರಬೇಕು, ಅಲ್ವಾ?

ಹಾಗಾಗಿ ಎಲುಬಿನಿಂದಲೇ ಶುರು ಮಾಡಿದೆ. ಬೆನ್ನಿನ ತಂತಿಗೆ ಸಾಲಾಗಿ ಹಿತ್ತಾಳೆ ಕಡ್ಡಿ ಬೆಸುಗೆ ಹಾಕಿ, ಮೆಟ್ಟಿಲು ಬರುವಲ್ಲಿ ಕಡ್ಡಿಗಳನ್ನು ತಟ್ಟನೆ ಗಿಡ್ಡ ಮಾಡಿದೆ. ಮೇಲೆ ಸಣ್ಣ ಕಣ್ಣಿನ ಜಾಲರಿ, ಅದರ ಮೇಲೆ ತೆಳ್ಳಗೆ ಎಪಾಕ್ಸಿ ಪುಟ್ಟಿ. ಎಪಾಕ್ಸಿ ಕುಗ್ಗುವ ರಗಳೆಯಿಲ್ಲ. ಆಕಾರ ತಾನಾಗಿ ಬಂತು. ಉಗುರು ಹಾಕಿ ಒತ್ತಿದರೂ ಗಟ್ಟಿ!

ಪುಟ್ಟಿ ಕಳಿಸಿದವರ ಬಗ್ಗೆ ಮಾತ್ರ ಒಂದು ಮಾತು ಹೇಳಲೇಬೇಕು. ಡಬ್ಬಿ ಬಂದಾಗಲೇ ಹಾರ್ಡನರ್ (ಪುಟ್ಟಿ ಗಟ್ಟಿಯಾಗಲು ಬೆರೆಸುವ ಭಾಗ) ಮೇಲೆ ಕೆನೆಗಟ್ಟಿತ್ತು. ಗಾಜಿನ ಕಣ್ಣು ಕಂದು ಬಣ್ಣದ್ದು, ಪಾಪೆ ಅಡ್ಡಕ್ಕಿರಲಿ ಎಂದು ಬರೆದಿದ್ದೆ. ಬಂದದ್ದು ಹಳದಿ, ಪಾಪೆ ನೆಟ್ಟಗೆ. ಹಾಕಿದರೆ ಬೆಕ್ಕನ್ನು ನುಂಗಿದ ಕಾಟಿ ಆಗುತ್ತದೆ! ವಾಪಸ್ ಕಳಿಸಿದ್ದೇನೆ.

ಮುಂದಿನದು ಆಗಲೇ ತಲೆಯಲ್ಲಿ ಕೂತಿದೆ: ಹೆಣ್ಣು ಕಾಟಿ ಮತ್ತು ಕರು. ಹೆಣ್ಣಿನ ದಿಣ್ಣೆ ಚಿಕ್ಕದು, ಮೈ ಕಂದು. ಹೊಸ ಕರು ಹೊಂಬಣ್ಣ, ಬೆಳೆದಂತೆ ಕಂದಾಗುತ್ತದೆ. ಅಪಾಯ ಕಂಡು ಸಿಳ್ಳೆಯಂತೆ ಮೂಗಿನಿಂದ ಉಸಿರು ಬಿಡುವ ಕ್ಷಣವೇ ಬೇಕು. ಮೂಗು ಎತ್ತಿ, ಕಿವಿ ಮುಂದಕ್ಕೆ, ಕರು ಹೊಟ್ಟೆಗೆ ಒತ್ತಿಕೊಂಡು.

ಅದಕ್ಕೂ ಮೊದಲು ಇದಕ್ಕೆ ಬಣ್ಣ. ಮೊಣಕಾಲಿನಿಂದ ಕೆಳಗೆ ಬಿಳಿ ಕಾಲುಚೀಲ ಸುಲಭ. ಕೊಂಬೂ ಸುಲಭ, ಬುಡ ತಿಳಿಹಳದಿ, ತುದಿ ಕಪ್ಪು. ಮುದಿ ಗಂಡಿನ ಮೈಯ ಕಪ್ಪು ಮಿಂಚು ಮಾತ್ರ ಕಷ್ಟ. ಹೊಳಪಿನ ವಾರ್ನಿಷ್ ಹೊಡೆದರೆ ಪ್ಲಾಸ್ಟಿಕ್ ಥರ ಕಾಣುತ್ತದೆ. ಕಪ್ಪಿನ ಮೇಲೆ ಮೇಣ ತಿಕ್ಕಿ ನೋಡಿದವರು ಯಾರಾದರೂ ಇದ್ದೀರಾ? ಬೇಸಿಗೆಯಲ್ಲಿ ಅಂಟಂಟಾಗುತ್ತದೆಯೇ ಹೇಳಿ.