ಹರಾಜು ಮುಗಿದ ರಾತ್ರಿ ಕೈ ಜಾರಿ ಬೀಳುವ ಸಾಮಾನುಗಳು

ಆನ್‌ಲೈನ್ ಹರಾಜು ನಡೆಸುವ ಒಂದು ತಾಣದಲ್ಲಿ ಏಳು ವರ್ಷದಿಂದ ನನ್ನ ಕೆಲಸ ಜಗಳ ಬಿಡಿಸುವುದು. ಹುದ್ದೆಯ ಹೆಸರು ಬೇರೆ ಏನೋ ದೊಡ್ಡದಿದೆ, ದಿನಾ ಮಾಡುವುದು ಮಾತ್ರ ಇದನ್ನೇ. ಕೊಂಡವರು ಒಂದು ಹೇಳುತ್ತಾರೆ, ಮಾರಿದವರು ಇನ್ನೊಂದು ಹೇಳುತ್ತಾರೆ. ಮಧ್ಯೆ ನಾನು ಫೋಟೋ, ಮೆಸೇಜು, ಕೊರಿಯರ್ ರಸೀದಿ ಎಲ್ಲ ಹರಡಿಕೊಂಡು ಕೂರುತ್ತೇನೆ.

ಸೇರಿದ ಹೊಸದರಲ್ಲಿ ಒಂದು ವಿಷಯ ವಿಚಿತ್ರ ಅನ್ನಿಸುತ್ತಿತ್ತು. ಹರಾಜು ಮುಗಿದ ರಾತ್ರಿಯೇ ಅದೆಷ್ಟು ಸಾಮಾನು ಒಡೆದುಹೋಗುತ್ತದೆ! ವರ್ಷಗಟ್ಟಲೆ ಕಪಾಟಿನಲ್ಲಿ ಸುಮ್ನೆ ಕೂತಿದ್ದ ಗಡಿಯಾರ, ಗೆದ್ದವರ ಹೆಸರು ಬಂದ ಎರಡೇ ಗಂಟೆಯಲ್ಲಿ ಕೈ ಜಾರಿ ಬೀಳುತ್ತದೆ. ಹೂದಾನಿಯನ್ನು ಬೆಕ್ಕು ತಳ್ಳುತ್ತದೆ. ಇಲ್ಲವೇ ಮನೆಯವರು ಯಾರೋ ತಿಳಿಯದೆ ಅದನ್ನು ಬೇರೆಯವರಿಗೆ ಕೊಟ್ಟುಬಿಟ್ಟಿರುತ್ತಾರೆ. ಒಳ್ಳೆ ಬೆಲೆಗೆ ಹೋದ ಸಾಮಾನಿಗೆ ಮಾತ್ರ ಇಂಥದ್ದೇನೂ ಆಗುವುದಿಲ್ಲ. ಇದು ನನಗೆ ಹೊಳೆಯಲು ವರ್ಷವೇ ಬೇಕಾಯಿತು. ಹೊಳೆದದ್ದೂ ಒಂದು ತಪ್ಪು ಮಾಡಿದ ಮೇಲೆ.

ಅದೊಂದು ಹಳೆಯ ಫಿಲ್ಮ್ ಕ್ಯಾಮೆರಾ. ಮಾರುವವರು ತೀರಾ ಕಡಿಮೆ ಬೆಲೆಯಿಂದ ಹರಾಜು ಶುರು ಮಾಡಿದ್ದರು, ರಿಸರ್ವ್ ಬೆಲೆ, ಅಂದರೆ ಇದಕ್ಕಿಂತ ಕಡಿಮೆಗೆ ಕೊಡುವುದಿಲ್ಲ ಅನ್ನುವ ಮಿತಿ, ಇಟ್ಟಿರಲಿಲ್ಲ. ಬಿಡ್ ಮಾಡಿದವರು ಮೂರೇ ಜನ. ಮಾರುವವರು ಅಂದುಕೊಂಡದ್ದರ ಅರ್ಧ ಬೆಲೆಗೆ ಹೋಯಿತು. ಮರುದಿನ ಬೆಳಗ್ಗೆ ಅವರ ಮೆಸೇಜು: ಪ್ಯಾಕ್ ಮಾಡುವಾಗ ಕೆಳಗೆ ಬಿತ್ತು, ಶಟರ್ ಕೆಲಸ ಮಾಡುತ್ತಿಲ್ಲ, ಕ್ಷಮಿಸಿ, ಹಣ ವಾಪಸ್ ಕೊಡುತ್ತೇನೆ. ಕೊಂಡವರು ಒಪ್ಪಲಿಲ್ಲ. "ಒಡೆದಿದ್ದರೂ ಪರವಾಗಿಲ್ಲ, ಹಾಗೇ ಕಳಿಸಿ, ರಿಪೇರಿ ಮಾಡಿಸಿಕೊಳ್ಳುತ್ತೇನೆ" ಎಂದು ಬರೆದರು. ಆ ಮಾತಿಗೆ ಉತ್ತರವೇ ಬರಲಿಲ್ಲ. ಕೇಸು ನನ್ನ ಹತ್ತಿರ ಬಂತು. ಹಣ ಹೇಗೂ ವಾಪಸ್ ಆಗಿದೆ, ಮಾರಿದವರು ಸಭ್ಯವಾಗಿ ಬರೆದಿದ್ದಾರೆ, ಕೊಂಡವರು ಸಿಟ್ಟಿನಲ್ಲಿದ್ದಾರೆ. ಐದು ನಿಮಿಷದಲ್ಲಿ ಮುಗಿಸಿಬಿಟ್ಟೆ. ಹರಾಜು ರದ್ದು, ಯಾರ ತಪ್ಪೂ ಇಲ್ಲ.

ಹನ್ನೊಂದು ದಿನ ಕಳೆದ ಮೇಲೆ ಕೊಂಡವರಿಂದ ಒಂದು ಇಮೇಲ್ ಬಂತು. ಒಳಗೆ ಬರಹವೇ ಇಲ್ಲ, ಎರಡು ಫೋಟೋ ಮಾತ್ರ. ಒಂದು ಹಳೆಯ ಲಿಸ್ಟಿಂಗಿನದು, ಇನ್ನೊಂದು ಬೇರೆ ಖಾತೆಯಿಂದ ಅವತ್ತೇ ಹಾಕಿದ್ದ ಹೊಸ ಲಿಸ್ಟಿಂಗಿನದು. ಎರಡರಲ್ಲೂ ಕ್ಯಾಮೆರಾದ ತಳದಲ್ಲಿ, ಟ್ರೈಪಾಡ್ ತೂತಿನ ಪಕ್ಕ, ಇಂಗ್ಲಿಷಿನ ವೈ ಅಕ್ಷರದ ಹಾಗೆ ಕವಲೊಡೆದ ಅದೇ ಗೀರು. ಶಟರ್ "ಪಕ್ಕಾ ಕೆಲಸ ಮಾಡುತ್ತದೆ" ಎಂದು ಕೆಳಗೆ ಬರೆದಿತ್ತು. ಶುರುವಿನ ಬೆಲೆ ಮೊದಲಿನದರ ಆರು ಪಟ್ಟು.

ಆ ಗೀರು ಮೊದಲ ದಿನವೇ ನನ್ನ ಮುಂದೆ ಇತ್ತು. "ಬಿದ್ದ ಕ್ಯಾಮೆರಾದ ಒಂದು ಫೋಟೋ ಕಳಿಸಿ" ಎಂದು ಒಂದು ಸಾಲು ಬರೆದಿದ್ದರೆ ಸಾಕಿತ್ತು. ಬರೆಯಲಿಲ್ಲ. ಅವತ್ತಿನಿಂದ ನನಗೆ ನಾನೇ ಹಾಕಿಕೊಂಡ ನಿಯಮ ಒಂದಿದೆ: ಹರಾಜು ಮುಗಿದ ಮೇಲೆ ಏನಾದರೂ ಒಡೆದರೆ, ಒಡೆದ ಚೂರಿನ ಫೋಟೋ ಬೇಕು, ಪಕ್ಕದಲ್ಲಿ ಅವತ್ತಿನ ತಾರೀಕು ಬರೆದ ಚೀಟಿ ಇಟ್ಟು. ಕೇಳಿದ ಮೇಲೆ ಎಷ್ಟೋ ಸಾಮಾನು ತಾನಾಗಿಯೇ ರಿಪೇರಿ ಆಗಿ ಕೊಂಡವರ ಮನೆ ಸೇರಿದೆ.

ಹಾಗಂತ ಈ ಮಾರಾಟಗಾರರೆಲ್ಲ ಮೋಸಗಾರರು ಅಂತ ನಾನು ಹೇಳುವುದಿಲ್ಲ. ಹೆಚ್ಚಿನವರು ನಮ್ಮ ನಿಮ್ಮಂಥವರೇ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಅದೇ ಕಥೆ. 1990ರಲ್ಲಿ ಕಾನೆಮನ್, ನೆಟ್ಶ್ ಮತ್ತು ಥೇಲರ್ ಎಂಬ ಮೂವರು ಸಂಶೋಧಕರು ವಿದ್ಯಾರ್ಥಿಗಳಲ್ಲಿ ಅರ್ಧ ಜನಕ್ಕೆ ಕಾಫಿ ಮಗ್ ಕೊಟ್ಟು ಮಾರಲು ಹೇಳಿದರು, ಉಳಿದವರಿಗೆ ಕೊಳ್ಳಲು ಹೇಳಿದರು. ಮಗ್ ಕೈಗೆ ಬಂದು ಸ್ವಲ್ಪವೇ ಹೊತ್ತಾಗಿತ್ತು. ಆದರೂ ಅದನ್ನು ಹಿಡಿದವರು ಕೇಳಿದ ಬೆಲೆ, ಕೊಳ್ಳುವವರು ಕೊಡಲು ತಯಾರಿದ್ದ ಬೆಲೆಯ ಸುಮಾರು ಎರಡು ಪಟ್ಟು. ಆಗಷ್ಟೇ ಸಿಕ್ಕ ಮಗ್‌ಗೇ ಹೀಗಾದರೆ ಇಪ್ಪತ್ತು ವರ್ಷ ಜೊತೆಗಿದ್ದ ಕ್ಯಾಮೆರಾಕ್ಕೆ ಹೊಟ್ಟೆ ಉರಿಯದೆ ಇರುತ್ತದಾ?

ಇದರ ಮೇಲೆ ಹರಾಜಿನ ಲೆಕ್ಕ ಬೇರೆ ಉಪ್ಪು ಸವರುತ್ತದೆ. ನಮ್ಮಲ್ಲಿ ಬಿಡ್ ಮಾಡುವವರು ತಮ್ಮ ಗರಿಷ್ಠ ಮೊತ್ತವನ್ನು ಗುಟ್ಟಾಗಿ ಹಾಕಿಡುತ್ತಾರೆ, ಸಿಸ್ಟಮ್ಮು ಅವರ ಪರವಾಗಿ ಬೇಕಾದಷ್ಟೇ ಏರಿಸುತ್ತಾ ಹೋಗುತ್ತದೆ. ಒಬ್ಬರು 900, ಇನ್ನೊಬ್ಬರು 400 ಹಾಕಿದ್ದರೆ ಬೆಲೆ 400ರ ಮೇಲೆ ಒಂದು ಮೆಟ್ಟಿಲು ಹತ್ತಿ ನಿಂತುಬಿಡುತ್ತದೆ. ಅಂದರೆ ಬೆಲೆ ತೀರ್ಮಾನ ಮಾಡುವುದು ಗೆದ್ದವರಲ್ಲ, ಸೋತ ಎರಡನೆಯವರು. ಇದು ಕಳ್ಳಾಟವಲ್ಲ. ವಿಲಿಯಂ ವಿಕ್ರಿ ಎಂಬ ಅರ್ಥಶಾಸ್ತ್ರಜ್ಞ 1961ರಲ್ಲೇ ಇಂಥ ಎರಡನೇ ಬೆಲೆಯ ಹರಾಜನ್ನು ವಿವರಿಸಿದ್ದರು, 1996ರಲ್ಲಿ ಅವರಿಗೆ ನೊಬೆಲ್ ಕೂಡ ಬಂತು. ಇದರಲ್ಲಿ ಯಾರೂ ತಮ್ಮ ನಿಜವಾದ ಬೆಲೆ ಮುಚ್ಚಿಡಬೇಕಾಗಿಲ್ಲ ಎಂಬುದು ಅವರ ವಾದ. ಆದರೆ ಗೆದ್ದವರು ಇನ್ನೂ ಡಬಲ್ ಕೊಡಲು ತಯಾರಿದ್ದರು ಅಂತ ಹೇಗೋ ಗೊತ್ತಾದ ಮಾರಾಟಗಾರರಿಗೆ ಫೋನಿನಲ್ಲಿ ನೊಬೆಲ್ ಕಥೆ ಹೇಳಿ ನೋಡಿ! ನಾನು ಒಮ್ಮೆ ಹೇಳಿದ್ದೆ. ಆ ಕಡೆಯಿಂದ ಫೋನ್ ಕಟ್ ಆಯಿತು.

ಇನ್ನೊಂದು ಗಾಬರಿ ಹರಾಜು ನಡೆಯುತ್ತಿರುವಾಗಲೇ ಶುರುವಾಗುತ್ತದೆ. ಏಳು ದಿನದ ಹರಾಜಿನಲ್ಲಿ ಆರು ದಿನ ಬೆಲೆ ಅಲ್ಲಾಡುವುದಿಲ್ಲ. ಅನುಭವ ಇರುವ ಬಿಡ್ಡರ್‌ಗಳು ಕೊನೆಯ ನಿಮಿಷಕ್ಕೆ ಕಾಯುತ್ತಿರುತ್ತಾರೆ. ರಾತ್ ಮತ್ತು ಓಕೆನ್‌ಫೆಲ್ಸ್ ಎಂಬ ಅರ್ಥಶಾಸ್ತ್ರಜ್ಞರು 2002ರಲ್ಲಿ ಇದನ್ನೇ ತೋರಿಸಿದ್ದರು: ಗಡಿಯಾರ ನೋಡಿ ಟಕ್ ಅಂತ ಮುಗಿಯುವ ಇಬೇ ಹರಾಜಿನಲ್ಲಿ ಕೊನೆಗಳಿಗೆಯ ಬಿಡ್ ಜಾಸ್ತಿ, ಕೊನೆಯಲ್ಲಿ ಬಿಡ್ ಬಂದರೆ ಹತ್ತು ನಿಮಿಷ ಮುಂದಕ್ಕೆ ಹೋಗುತ್ತಿದ್ದ ಅಮೆಜಾನ್ ಹರಾಜಿನಲ್ಲಿ ಕಡಿಮೆ. ಹೊಸದಾಗಿ ಮಾರುವವರಿಗೆ ಇದು ತಿಳಿದಿರುವುದಿಲ್ಲ. ಐದನೇ ದಿನ ಯಾರೋ "ಹರಾಜು ನಿಲ್ಲಿಸಿ, ನಾನು ಇಷ್ಟು ಕೊಡುತ್ತೇನೆ" ಎಂದು ಮೆಸೇಜು ಹಾಕುತ್ತಾರೆ. ಇವರು ನಿಲ್ಲಿಸಿಬಿಡುತ್ತಾರೆ.

ಅಲ್ಲಿಂದ ಮುಂದೆ ಅದು ನನ್ನ ಕೈ ಮೀರಿದ ವಿಷಯವೂ ಆಗಬಹುದು. ಜರ್ಮನಿಯಲ್ಲಿ ಒಬ್ಬರು ತಮ್ಮ ಫೋಕ್ಸ್‌ವಾಗನ್ ಪಸಾಟ್ ಕಾರನ್ನು 1 ಯೂರೋದಿಂದ ಹರಾಜಿಗಿಟ್ಟು, ಹೊರಗೆ 4,200 ಯೂರೋಗೆ ಗಿರಾಕಿ ಸಿಕ್ಕಿದರೆಂದು ಮಧ್ಯದಲ್ಲೇ ನಿಲ್ಲಿಸಿದರು. ಆ ಹೊತ್ತಿಗೆ ಬಿಡ್ ಮಾಡಿದ್ದವರು ಒಬ್ಬರೇ, ಬೆಲೆ ನಿಂತಿದ್ದದ್ದು 1 ಯೂರೋದಲ್ಲಿ. ಆ ಬಿಡ್ಡರ್ ಕೋರ್ಟಿಗೆ ಹೋದರು. ಕಾರಿನ ಬೆಲೆ 5,250 ಯೂರೋ, ಅದರಲ್ಲಿ 1 ಕಳೆದು 5,249 ಯೂರೋ ಪರಿಹಾರ ಕೇಳಿದರು. 2014ರಲ್ಲಿ ಅಲ್ಲಿನ ಅತಿ ದೊಡ್ಡ ಸಿವಿಲ್ ನ್ಯಾಯಾಲಯ ಕೊಂಡವರ ಪರವಾಗಿಯೇ ನಿಂತಿತು. ಕಡಿಮೆ ಬೆಲೆಗೆ ಶುರು ಮಾಡಿ ರಿಸರ್ವ್ ಇಡದೆ ಇದ್ದದ್ದು ಮಾರುವವರೇ ತೆಗೆದುಕೊಂಡ ರಿಸ್ಕು ಎಂಬುದು ಅದರ ಮಾತು. ಆಸ್ಟ್ರೇಲಿಯಾದಲ್ಲಿ ಒಂದು ಹಳೆಯ ವಿರವೇ ಯುದ್ಧವಿಮಾನದ ಕೇಸು ಇದೆ. ಅಲ್ಲಿ 1,50,000 ಆಸ್ಟ್ರೇಲಿಯನ್ ಡಾಲರ್ ಕನಿಷ್ಠ ಬೆಲೆಗೆ ಬಿಡ್ ಬಂದಿತ್ತು. ಮಾರುವವರು ಬೇರೆಯವರ ಜೊತೆ ಅದಕ್ಕಿಂತ 1,00,000 ಜಾಸ್ತಿಗೆ ಮಾತಾಡಿಕೊಂಡಿದ್ದರು. 2007ರಲ್ಲಿ ಕೋರ್ಟು ವಿಮಾನವನ್ನೇ ಗೆದ್ದವರಿಗೆ ಕೊಡಿ ಎಂದಿತು. ಎಲ್ಲ ದೇಶದ ಕಾನೂನು ಒಂದೇ ಅಲ್ಲ, ಸರಿ. ಆದರೂ "ಆನ್‌ಲೈನ್ ಅಲ್ವಾ, ಯಾರು ಕೇಳುತ್ತಾರೆ" ಅನ್ನುವವರಿಗೆ ನಾನು ಈ ಎರಡು ಕಥೆ ಹೇಳುತ್ತೇನೆ. ನೊಬೆಲ್‌ಗಿಂತ ಇದು ಚೆನ್ನಾಗಿ ಕೆಲಸ ಮಾಡುತ್ತದೆ.

ಕೊಂಡವರೂ ಏನು ಕಡಿಮೆಯಿಲ್ಲ. ಹುಮ್ಮಸ್ಸಿನಲ್ಲಿ ಏರಿಸಿ ಗೆದ್ದು, ಬೆಳಗ್ಗೆ ಎದ್ದು ಹಣೆ ಚಚ್ಚಿಕೊಳ್ಳುವವರು ಬೇಕಾದಷ್ಟು ಜನ. ಅವರ "ಕೈ ಜಾರಿ ಬಿತ್ತು" ಯಾವುದೆಂದರೆ "ವಿವರಣೆಯಲ್ಲಿ ಹೇಳಿದ ಹಾಗಿಲ್ಲ". ಇಲ್ಲಿ ಮಾರಿದವರನ್ನು ಕಾಪಾಡುವುದು ಒಂದೇ, ಅವರೇ ಮೊದಲು ಬರೆದಿಟ್ಟ ದೋಷಗಳ ಪಟ್ಟಿ. "ಚೆನ್ನಾಗಿದೆ" ಎಂಬ ಒಂದೇ ಪದದ ಮೇಲೆ ನಡೆದ ಜಗಳ ನಾನು ಎಷ್ಟು ನೋಡಿದ್ದೇನೋ ಲೆಕ್ಕವಿಲ್ಲ. "ಲೆನ್ಸಿನ ಅಂಚಿನಲ್ಲಿ ಫಂಗಸ್ ಇದೆ, ಮೂರನೇ ಫೋಟೋ ನೋಡಿ" ಎಂದು ಬರೆದಿದ್ದ ಲಿಸ್ಟಿಂಗಿನ ಮೇಲೆ ಬಂದ ದೂರನ್ನು ಮುಗಿಸಲು ನನಗೆ ಒಂದು ಟೀ ಕುಡಿಯುವಷ್ಟು ಹೊತ್ತೂ ಬೇಕಾಗಿಲ್ಲ. ದೋಷ ಬರೆದರೆ ಯಾರೂ ಕೊಳ್ಳುವುದಿಲ್ಲ ಅನ್ನುವ ಭಯ ಸುಳ್ಳು. 1995ರಲ್ಲಿ ಪಿಯರ್ ಒಮಿಡ್ಯಾರ್ ಇಬೇ ಶುರು ಮಾಡಿದಾಗ ಅಲ್ಲಿ ಮೊದಲು ಮಾರಾಟ ಆದದ್ದೇ ಕೆಟ್ಟುಹೋದ ಲೇಸರ್ ಪಾಯಿಂಟರ್, 14.83 ಡಾಲರಿಗೆ. ಕೆಟ್ಟಿದೆ ಅಂತ ಗೊತ್ತಲ್ವಾ ಎಂದು ಅವರು ಕೇಳಿದರೆ, ಕೊಂಡವರು ಕೆಟ್ಟ ಲೇಸರ್ ಪಾಯಿಂಟರ್‌ಗಳನ್ನೇ ಕೂಡಿಡುತ್ತೇನೆ ಎಂದರಂತೆ.

ಈಗ ಹೊಸ ಮಾರಾಟಗಾರರು ಸಹಾಯ ಕೇಳಿಕೊಂಡು ಬಂದರೆ ನಾನು ಮೊದಲು ಕೇಳುವುದು "ಎಷ್ಟು ಬರಬೇಕು" ಅಂತ ಅಲ್ಲ. "ಎಷ್ಟಕ್ಕೆ ಹೋದರೆ ರಾತ್ರಿ ನಿದ್ದೆ ಬರುವುದಿಲ್ಲ" ಅಂತ. ಆ ಸಂಖ್ಯೆ ಬಾಯಿಗೆ ಬಂದ ಕೂಡಲೇ, ಅದನ್ನೇ ರಿಸರ್ವ್ ಬೆಲೆಯಾಗಿ ಇಡಿ ಅನ್ನುತ್ತೇನೆ. ಕೆಲವರು ಶುಲ್ಕ ಉಳಿಸಲು ಬೇಡ ಅನ್ನುತ್ತಾರೆ. ಕೆಲವರು ರಿಸರ್ವ್ ನೋಡಿ ಗಿರಾಕಿ ಓಡಿಹೋಗುತ್ತಾರೆ ಅನ್ನುತ್ತಾರೆ. ಆ ಮಾತಿನಲ್ಲಿ ಸ್ವಲ್ಪ ನಿಜವೂ ಇದೆ. ಹಾಗಾದರೆ ಶುರುವಿನ ಬೆಲೆಯನ್ನೇ ಅಲ್ಲಿಂದ ಇಡಲಿ. ಗೆಳೆಯನ ಕೈಯಲ್ಲಿ ಬಿಡ್ ಹಾಕಿಸಿ ಏರಿಸುವ ಉಪಾಯ ಮಾತ್ರ ಬೇಡ. ಅದು ನಿಯಮಕ್ಕೆ ವಿರುದ್ಧ, ಎಷ್ಟೋ ಕಡೆ ಅಪರಾಧ ಕೂಡ. ಸಿಕ್ಕಿಬಿದ್ದವರ ಖಾತೆ ಮುಚ್ಚಿಸಿದವರಲ್ಲಿ ನಾನೂ ಒಬ್ಬ.

ಮತ್ತೆ ನಿಜವಾಗಿಯೂ ಮನಸ್ಸು ಬದಲಾದವರಿಗೆ? ಬೆಕ್ಕಿನ ಕಥೆ ಬಿಟ್ಟು ನಿಜ ಬರೆಯಿರಿ ಎನ್ನುತ್ತೇನೆ. "ಇದು ನನ್ನ ಅಮ್ಮನದು, ಮಾರಿದ ಮೇಲೆ ತಡೆಯಲಾಗುತ್ತಿಲ್ಲ, ದಯವಿಟ್ಟು ಬಿಟ್ಟುಕೊಡುತ್ತೀರಾ" ಎಂದು ಕೇಳಿದವರಿಗೆ ಕೊಂಡವರು ಬಿಟ್ಟುಕೊಟ್ಟದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಬಿಟ್ಟುಕೊಡದೆ ಇದ್ದದ್ದನ್ನೂ ನೋಡಿದ್ದೇನೆ. ಹಾಗಾದಾಗ ಸಾಮಾನು ಪ್ಯಾಕ್ ಮಾಡಿ ಕಳಿಸಬೇಕು, ಅಷ್ಟೇ.

ಹೋದ ವರ್ಷ ನನ್ನದೇ ಒಂದು ವಾಲ್ವ್ ರೇಡಿಯೋ ಮಾರಿದೆ, ನಮ್ಮದಲ್ಲದ ಬೇರೆ ತಾಣದಲ್ಲಿ. ಇಷ್ಟೆಲ್ಲ ಹೇಳುವ ನಾನು ರಿಸರ್ವ್ ಇಟ್ಟಿರಲಿಲ್ಲ, ನನಗೇನು ಗೊತ್ತಿಲ್ಲವಾ ಅನ್ನುವ ಸೊಕ್ಕು. ಇನ್ನು ಮೂರು ನಿಮಿಷ ಇದ್ದಾಗ ಬೆಲೆ ನೋಡಿ ಎದೆ ಧಸಕ್ ಅಂತು. ರೇಡಿಯೋ ಪಕ್ಕದ ಮೇಜಿನ ಮೇಲೇ ಇತ್ತು. ಅದರ ಅಂಚು ಎಷ್ಟು ಹೊರಗೆ ಚಾಚಿದೆ, ಒಂದು ಸಲ ತಳ್ಳಿದರೆ ಬೀಳುತ್ತದಾ ಅಂತ ನಾನು ನೋಡಿದೆ. ಸುಳ್ಳು ಯಾಕೆ ಹೇಳಲಿ, ನೋಡಿದೆ. ಆಮೇಲೆ ಎದ್ದು ಹೋಗಿ ರಟ್ಟಿನ ಡಬ್ಬ ಹುಡುಕಿದೆ. ಎರಡು ಪದರ ಬಬಲ್ ರ‍್ಯಾಪ್ ಸುತ್ತಿದೆ. ಕೊಂಡವರು ಐದು ನಕ್ಷತ್ರ ಕೊಟ್ಟು ಒಂದೇ ಸಾಲು ಬರೆದಿದ್ದರು: "ಪ್ಯಾಕಿಂಗ್ ಬಿಚ್ಚೋಕೆ ಅರ್ಧ ಗಂಟೆ ಬೇಕಾಯ್ತು."